ಹಳೆಯ ಜಪಾನಿ ಎಲೆಕ್ಟ್ರಿಕ್ ಗಿಟಾರ್: ನಿಖರ ಮಾಡೆಲ್ ಪತ್ತೆಹಚ್ಚಲು ಸಮಗ್ರ ಮಾರ್ಗದರ್ಶಿ

ಹಳೆಯ ಜಪಾನಿ ಗಿಟಾರ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ತುದಿ) ಮೇಲಿನ ಹೆಸರನ್ನು, ಆಮೇಲೆ ಸೀರಿಯಲ್ ನಂಬರನ್ನು. ತಪ್ಪು ಶುರುವಾಗುವುದೂ ಅಲ್ಲಿಂದಲೇ. 1960ರಿಂದ 1980ರ ದಶಕದವರೆಗೆ ಜಪಾನಿನಲ್ಲಿ ಹಲವು ಸಲ ಗಿಟಾರ್ ತಯಾರಿಸುವವರು ಒಬ್ಬರಾದರೆ, ಹೆಸರು ಹಾಕಿ ಮಾರುವವರು ಇನ್ನೊಬ್ಬರು. ಮಾತ್ಸುಮೊಟೊ ನಗರದ ಫುಜಿಗೆನ್ ಕಾರ್ಖಾನೆ ಹೊಶಿನೊ ಕಂಪನಿಗೆ ಐಬನೆಜ್ ಮಾಡಿಕೊಟ್ಟಿತು, ಕಾಂಡಾ ಶೋಕಾಯ್‌ಗೆ ಗ್ರೆಕೊ ಮಾಡಿಕೊಟ್ಟಿತು, 1982ರಿಂದ ಫೆಂಡರ್ ಜಪಾನ್ ಗಿಟಾರುಗಳನ್ನೂ ಮಾಡಿತು. ಅದೇ ಊರಿನ ಮಾತ್ಸುಮೊಕು ಕಾರ್ಖಾನೆಯಿಂದ ಅರಿಯಾ, ಯುನಿವಾಕ್ಸ್, ವೆಸ್ಟೋನ್, ವಾಂಟೇಜ್, ಎಲೆಕ್ಟ್ರಾ ಮತ್ತು 1970ರ ದಶಕದ ಜಪಾನಿ ಎಪಿಫೋನ್‌ಗಳು ಹೊರಬಂದವು. ಹಾಗಾಗಿ ಗಿಟಾರನ್ನು ಕಟ್ಟಿದ ರೀತಿ ಮೊದಲು, ಬ್ರ್ಯಾಂಡ್ ಆಮೇಲೆ, ನಂಬರ್ ಅದರ ನಂತರ, ಕೊನೆಗೆ ಕ್ಯಾಟಲಾಗ್. ಈ ಕ್ರಮ ಬಿಡದೆ ಹೋದರೆ ಬಹುಪಾಲು ಗಿಟಾರುಗಳು ತಮ್ಮ ಗುರುತು ಬಿಟ್ಟುಕೊಡುತ್ತವೆ.

ಕೈಯಲ್ಲಿ ಇರಬೇಕಾದ ಸಾಮಾನು

ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಗುಣಮಟ್ಟದ ಪ್ಲಸ್ ಸ್ಕ್ರೂಡ್ರೈವರ್ ಎರಡು: ನೆಕ್ (ಗಿಟಾರಿನ ಕೈಹಿಡಿ) ಪ್ಲೇಟಿಗೆ 2ನೇ ಅಳತೆಯದು, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ರಿಂಗ್ ಮತ್ತು ಹಿಂಬದಿ ಮುಚ್ಚಳಕ್ಕೆ 1ನೆಯದು. ಜಪಾನಿ ಸ್ಕ್ರೂಗಳ ಪ್ಲಸ್ ತೋಡು ಸಾಮಾನ್ಯ ಫಿಲಿಪ್ಸ್ ತೋಡಿಗಿಂತ ಸ್ವಲ್ಪ ಬೇರೆ. ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಬಲ ಹಾಕಿದಾಗ ಮೇಲಕ್ಕೆ ಜಾರಿ ಸ್ಕ್ರೂ ತಲೆಯನ್ನು ಕೆರೆದುಹಾಕುತ್ತದೆ. ಐವತ್ತು ವರ್ಷ ಹಾಳಾಗದೆ ಉಳಿದ ಸ್ಕ್ರೂವನ್ನು ಹಾಗೆ ಕೆಡಿಸಿದರೆ ಒಂದು ಸಾಕ್ಷ್ಯವೇ ಹೋದಂತೆ.

ಜೊತೆಗೆ ಮಿಲಿಮೀಟರ್ ಗುರುತಿನ 60 ಸೆಂಟಿಮೀಟರ್ ಸ್ಟೀಲ್ ಪಟ್ಟಿ, ಟಾರ್ಚ್, ಓಮ್ ಅಳೆಯುವ ಮಲ್ಟಿಮೀಟರ್, ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ಮೆತ್ತನೆ ಬಟ್ಟೆ, ತಂತಿಗಳನ್ನು ಒತ್ತಿ ಹಿಡಿಯುವ ಕ್ಯಾಪೊ. ಬಿಚ್ಚುವ ಮೊದಲೇ ಎಲ್ಲ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಯಾವ ಸ್ಕ್ರೂ ಎಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ, ಹಳೆಯ ಗಿಟಾರಿನಲ್ಲಿ ಸ್ಕ್ರೂಗಳ ಉದ್ದ ಒಂದೇ ಇರುವುದೂ ಅಪರೂಪ.

ಮೊದಲ ಹಂತ: ಯಾವ ಕಾಲದ್ದು?

ಜಪಾನಿ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಸ್ಥೂಲವಾಗಿ ಎರಡು ಲೋಕಗಳಿವೆ, ಎರಡಕ್ಕೂ ಓದುವ ವಿಧಾನ ಬೇರೆ.

ಒಂದು, 1960ರ ದಶಕದ ಸ್ವಂತ ವಿನ್ಯಾಸಗಳ ಕಾಲ. 1965ರಲ್ಲಿ ವೆಂಚರ್ಸ್ ತಂಡ ಜಪಾನ್ ಪ್ರವಾಸ ಮಾಡಿದ ಮೇಲೆ ಅಲ್ಲಿ ಎದ್ದ ಗಿಟಾರ್ ಅಲೆಗೆ ಎಲೆಕಿ ಬೂಮ್ ಎನ್ನುತ್ತಾರೆ. ಟೈಸ್ಕೊ, ಗುಯಾಟೋನ್, ಕವಾಯ್ ವಿಚಿತ್ರ ಆಕಾರದ, ಮೂರು ನಾಲ್ಕು ಪಿಕಪ್‌ಗಳ, ಸಾಲುಸಾಲು ಸ್ವಿಚ್‌ಗಳ ಗಿಟಾರುಗಳನ್ನು ಮಾಡಿದ್ದು ಆಗ. ಇವುಗಳಲ್ಲಿ ಕಾಣುವ ಗುರುತುಗಳು: ನಟ್ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಪಟ್ಟಿ) ಪಕ್ಕದಲ್ಲೇ ಜೀರೊ ಫ್ರೆಟ್ ಎಂಬ ಹೆಚ್ಚುವರಿ ಲೋಹದ ಪಟ್ಟಿ, ಗೆರೆ ಕೊರೆದ ಹೊಳೆಯುವ ಲೋಹದ ಪಿಕ್‌ಗಾರ್ಡ್, ಚಿನ್ನದ ಬಣ್ಣದ ಹಾಳೆ ಕಾಣುವ ಗೋಲ್ಡ್ ಫಾಯಿಲ್ ಪಿಕಪ್, ಪ್ಲೈವುಡ್ ಅಥವಾ ಹಗುರ ಜಾತಿಯ ಮರದ ಬಾಡಿ.

ಎರಡನೆಯದು, 1960ರ ಕೊನೆಯಿಂದ 1980ರ ದಶಕದವರೆಗಿನ ನಕಲುಗಳ ಕಾಲ. ಗಿಬ್ಸನ್, ಫೆಂಡರ್, ಮೋಸ್‌ರೈಟ್ ಮಾದರಿಗಳ ಪ್ರತಿಗಳು. ಮೊದಲು ಹೊರನೋಟ ಮಾತ್ರ ಹೋಲುತ್ತಿದ್ದವು. 1970ರ ದಶಕದ ಕೊನೆಗೆ ಗ್ರೆಕೊ, ಟೊಕಾಯ್, ಫರ್ನಾಂಡಿಸ್ ಕಂಪನಿಗಳ ಕೆಲಸ ಅಮೆರಿಕದ ಮೂಲ ಕಂಪನಿಗಳೇ ಗಾಬರಿಯಾಗುವ ಮಟ್ಟಕ್ಕೆ ಬಂತು.

ಸ್ಕೇಲ್ ಉದ್ದ ಅಳೆಯುವುದು ಇಲ್ಲಿ ಉಪಯುಕ್ತ. ನಟ್‌ನಿಂದ (ಜೀರೊ ಫ್ರೆಟ್ ಇದ್ದರೆ ಅದರ ನಡುವಿನಿಂದ) 12ನೇ ಫ್ರೆಟ್ ನಡುವಿನವರೆಗೆ ಅಳೆದು ಎರಡರಿಂದ ಗುಣಿಸಿ. ಬ್ರಿಜ್‌ವರೆಗೆ ಅಳೆಯಬೇಡಿ, ಸ್ಯಾಡಲ್‌ಗಳನ್ನು ಶ್ರುತಿಗಾಗಿ ಹಿಂದೆ ಮುಂದೆ ಸರಿಸಿರುತ್ತಾರೆ. 648 ಮಿಮೀ ಬಂದರೆ ಫೆಂಡರ್ ಅಳತೆ, 628ರ ಆಸುಪಾಸು ಬಂದರೆ ಗಿಬ್ಸನ್ ಅಳತೆ. ಅದಕ್ಕಿಂತ ಗಿಡ್ಡದ್ದಾದರೆ 1960ರ ದಶಕದ ಅಥವಾ ಕಲಿಯುವವರಿಗಾಗಿ ಮಾಡಿದ ಮಾದರಿ ಇರಬಹುದೆಂದು ಗಮನದಲ್ಲಿಡಿ.

1960ರ ದಶಕದ್ದಾದರೆ: ಟೈಸ್ಕೊ ಮತ್ತು ಅದರ ಹಲವು ಹೆಸರುಗಳು

ಟೈಸ್ಕೊ ಕಂಪನಿ 1946ರಲ್ಲಿ ಟೋಕಿಯೊದಲ್ಲಿ ಹುಟ್ಟಿತು, 1967ರಲ್ಲಿ ಕವಾಯ್ ಅದನ್ನು ಕೊಂಡಿತು. ಅಮೆರಿಕದಲ್ಲಿ ಈ ಗಿಟಾರುಗಳು ಟೈಸ್ಕೊ ಡೆಲ್ ರೇ ಎಂಬ ಹೆಸರಲ್ಲೂ, ಸಿಯರ್ಸ್ ಅಂಗಡಿಗಳ ಸಿಲ್ವರ್‌ಟೋನ್ ಹೆಸರಲ್ಲೂ, ಇನ್ನೂ ಹತ್ತಾರು ಅಂಗಡಿ ಹೆಸರುಗಳಲ್ಲೂ ಮಾರಾಟವಾದವು. ಬ್ಯಾಡ್ಜ್ ಎಂಬುದು ಎರಡು ಪುಟ್ಟ ಮೊಳೆಗಳಲ್ಲಿ ಕೂರಿಸಿದ ತಗಡು ಅಥವಾ ಪ್ಲಾಸ್ಟಿಕ್. ಅದು ಬಿದ್ದುಹೋಗಿದ್ದರೆ ಮೊಳೆಯ ತೂತುಗಳ ನಡುವಿನ ಅಂತರ ಅಳೆದು, ಗುರುತು ಸಿಕ್ಕ ಬೇರೆ ಗಿಟಾರುಗಳ ಬ್ಯಾಡ್ಜ್ ಜೊತೆ ಹೋಲಿಸಿ. ಬಿಸಿಲಿಗೆ ಬಣ್ಣ ಮಾಸದ ನೆರಳು ಅಡಿಯಲ್ಲಿ ಉಳಿದಿದ್ದರೆ, ಓರೆಯಾಗಿ ಟಾರ್ಚ್ ಹಿಡಿದಾಗ ಅಕ್ಷರಗಳ ಆಕಾರ ಕಾಣುವುದೂ ಉಂಟು.

ಟೈಸ್ಕೊಗಳಲ್ಲಿ ಸೀರಿಯಲ್ ನಂಬರನ್ನು ನೆಚ್ಚಿಕೊಳ್ಳಬೇಡಿ. ಬಹಳಷ್ಟರಲ್ಲಿ ಇರುವುದೇ ಇಲ್ಲ. ಇಲ್ಲಿ ಮಾಡೆಲ್ ಹೆಸರೇ ಗಿಟಾರಿನ ವಿವರಣೆಯಂತಿರುತ್ತದೆ. ಎಂಜೆ-2ಎಲ್ ಎಂದರೆ ಎರಡು ಪಿಕಪ್, ಸ್ವರ ಅಲುಗಿಸುವ ಟ್ರೆಮೊಲೊ ಹಿಡಿಯೂ ಇದೆ. ಎಂಜೆ-3ಎಲ್ ಆದರೆ ಮೂರು ಪಿಕಪ್. ಇಟಿ-200ರಲ್ಲಿ ಎರಡು, ಇಟಿ-440ರಲ್ಲಿ ನಾಲ್ಕು. ಗುಯಾಟೋನ್ ಎಲ್‌ಜಿ ಸರಣಿಯಲ್ಲಿ ಕೊನೆಯ ಟಿ ಟ್ರೆಮೊಲೊ ಸೂಚಿಸುತ್ತದೆ, ಎಲ್‌ಜಿ-350ಟಿ ಇದ್ದಹಾಗೆ. ಆದ್ದರಿಂದ ಎಣಿಸುವುದೇ ಮೊದಲ ಕೆಲಸ: ಪಿಕಪ್ ಎಷ್ಟು, ಸ್ವಿಚ್ ಎಷ್ಟು ಮತ್ತು ಯಾವ ಬಗೆ (ಮೇಲೆ ಕೆಳಗೆ ಒತ್ತುವ ರಾಕರ್, ಜಾರಿಸುವುದು, ಟಾಗಲ್), ನಾಬ್ ಎಷ್ಟು, ಟ್ರೆಮೊಲೊ ಇದೆಯೇ, ಟ್ಯೂನಿಂಗ್ ಕೀಗಳು ಆರೂ ಒಂದೇ ಸಾಲಿನಲ್ಲೋ, ಮೂರು ಮೂರೋ, ಅಥವಾ ಒಂದು ಬದಿ ನಾಲ್ಕು ಇನ್ನೊಂದು ಬದಿ ಎರಡೋ. ನಾಲ್ಕು-ಎರಡರ ಹೆಡ್‌ಸ್ಟಾಕ್ ಟೈಸ್ಕೊದ 1960ರ ದಶಕದ ಉತ್ತರಾರ್ಧದ ಮಾದರಿಗಳಲ್ಲಿ ಹೆಚ್ಚು. ಬಾಡಿಯಲ್ಲಿ ಕೈ ತೂರಿಸಿ ಹಿಡಿಯುವ ಕಂಡಿ ಇದ್ದರೆ ಹೆಚ್ಚು ಹುಡುಕಬೇಕಿಲ್ಲ, ಅದು ಬಹುತೇಕ ಟಿಜಿ-64.

ಒಂದು ಎಚ್ಚರಿಕೆ. ಪಿಕ್‌ಗಾರ್ಡ್ ಬದಲಾಯಿಸಿ ಪಿಕಪ್ ಕಡಿಮೆ ಮಾಡಿದ ಗಿಟಾರುಗಳು ಸಾಕಷ್ಟಿವೆ. ಪಿಕ್‌ಗಾರ್ಡ್ ಎತ್ತಿ, ಅಡಿಯಲ್ಲಿ ಬಳಸದ ಪಿಕಪ್ ಗುಂಡಿ ಇದೆಯೇ ನೋಡಿ. ಆದರೆ ಖಾಲಿ ಗುಂಡಿ ಕಂಡ ಮಾತ್ರಕ್ಕೆ ಪಿಕಪ್ ಕಿತ್ತಿದ್ದಾರೆ ಎಂದುಕೊಳ್ಳಬೇಡಿ. ಕಾರ್ಖಾನೆಯವರು ಒಂದೇ ಬಾಡಿಯನ್ನು ಎರಡು ಮಾಡೆಲ್‌ಗೂ ಕೊರೆದಿಟ್ಟಿರಬಹುದು. ವೈರಿನ ಬೆಸುಗೆ ನೋಡಿದರೆ ತೀರ್ಮಾನವಾಗುತ್ತದೆ: ಮೂಲ ಬೆಸುಗೆ ಮಂಕಾಗಿ, ಸಮನಾಗಿ, ಒಂದೇ ಕೈಯ ಕೆಲಸದಂತೆ ಕಾಣುತ್ತದೆ, ಹೊಸದು ಹೊಳೆಯುತ್ತದೆ.

ಎರಡನೇ ಹಂತ: ನೆಕ್ ಮತ್ತು ಬಾಡಿ ಕೂಡಿದ ಜಾಗ

ನಕಲುಗಳ ಕಾಲದ ಗಿಟಾರಿಗೆ ಇದೇ ಮುಖ್ಯ ಪರೀಕ್ಷೆ. ಉದಾಹರಣೆಗೆ ಗಿಬ್ಸನ್ನಿನ ಲೆಸ್ ಪಾಲ್ ಮಾದರಿಯ ಆಕಾರದ ಗಿಟಾರ್ ತೆಗೆದುಕೊಳ್ಳಿ. ನೆಕ್ ನಾಲ್ಕು ಸ್ಕ್ರೂಗಳಿಂದ ಕೂತಿದೆಯೋ, ಅಂಟಿಸಿದ್ದೋ? ಬ್ರಿಜ್ ಮತ್ತು ನೆಕ್ ಪಿಕಪ್ ನಡುವೆ ಹಾಗೂ ಬಾಡಿಯ ಅಂಚಿನತ್ತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ, ಬಾಗಿಸಿದ ಪ್ಲೈವುಡ್ ಮೇಲ್ಮೈಯ ಅಡಿಯಲ್ಲಿ ಖಾಲಿ ಜಾಗ ಬಿಟ್ಟ 1970ರ ದಶಕದ ಪೂರ್ವಾರ್ಧದ ರಚನೆ ಅದು.

ಈಗ ತಂತಿ ಸಡಿಲಿಸಿ ನೆಕ್ ಪಿಕಪ್ಪಿನ ರಿಂಗ್ ಬಿಚ್ಚಿ ಎತ್ತಿ. ವೈರ್ ಎಳೆಯಬೇಡಿ, ಹಳೆಯ ವೈರಿನ ಹೊದಿಕೆ ಒಣಗಿ ಬಿರಿದಿರುತ್ತದೆ. ಗುಂಡಿಯ ಗೋಡೆಗೆ ಟಾರ್ಚ್ ಹಿಡಿಯಿರಿ. ತೆಳು ಪದರಗಳ ಗೆರೆ ಕಂಡರೆ ಪ್ಲೈವುಡ್. ಎರಡು ಮೂರು ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ್ದರೆ ಸ್ಯಾಂಡ್‌ವಿಚ್ ಬಾಡಿ. ಮೇಲೆ ಬಿಳಿಚು ಮೇಪಲ್, ಕೆಳಗೆ ಒಂದೇ ಕಂದು ಮರ ಕಂಡರೆ ಮೇಲಿನ ದರ್ಜೆಯದು. ಅಂಟಿಸಿದ ನೆಕ್‌ನಲ್ಲಿ ನೆಕ್ಕಿನ ನಾಲಗೆ ಪಿಕಪ್ ಗುಂಡಿಯೊಳಗೆ ಎಷ್ಟು ಚಾಚಿದೆ ಎಂದು ಅಳೆಯಿರಿ. 1970ರ ಕೊನೆ, 1980ರ ಆರಂಭದ ಗ್ರೆಕೊ, ಟೊಕಾಯ್, ಬರ್ನಿಗಳ (ಫರ್ನಾಂಡಿಸ್ ಕಂಪನಿಯ ಬ್ರ್ಯಾಂಡ್) ಮೇಲ್ದರ್ಜೆಯ ಮಾಡೆಲ್‌ಗಳಲ್ಲಿ ಅದು ಉದ್ದವಾಗಿ ಗುಂಡಿಯೊಳಕ್ಕೆ ಬಂದಿರುತ್ತದೆ. ಫಿಂಗರ್‌ಬೋರ್ಡಿನ ಅಂಚುಪಟ್ಟಿ ಫ್ರೆಟ್ ತುದಿಗಳನ್ನು ಮುಚ್ಚಿದೆಯೇ ಅಥವಾ ಫ್ರೆಟ್ ಅದರ ಮೇಲೆ ಹಾಯ್ದಿದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಒಂದೇ ವರ್ಷದ ಎರಡು ದರ್ಜೆಗಳನ್ನು ಬೇರ್ಪಡಿಸಲು ಮುಂದೆ ಇದು ಬೇಕಾಗುತ್ತದೆ.

ಯಮಾಹಾದಲ್ಲಂತೂ ಈ ಒಂದು ಪರೀಕ್ಷೆಯಲ್ಲೇ ಉತ್ತರ ಸಿಗಬಹುದು. 1976ರಲ್ಲಿ ಬಂದ ಎಸ್‌ಜಿ-2000ರಲ್ಲಿ ನೆಕ್ಕಿನ ಮರ ಬಾಡಿಯ ತುದಿಯವರೆಗೆ ಹಾಯ್ದು ಹೋಗುತ್ತದೆ, ಹಿಂಬದಿಯಿಂದ ನೋಡಿದರೆ ಆ ಪಟ್ಟಿ ಸ್ಪಷ್ಟ. ಎಸ್‌ಜಿ-1000ರಲ್ಲಿ ನೆಕ್ ಅಂಟಿಸಿದ್ದು. ಟ್ರಸ್ ರಾಡ್ (ನೆಕ್ಕಿನೊಳಗಿನ ಉಕ್ಕಿನ ಸರಳು) ಮುಚ್ಚಳದ ಮೇಲೆ ಮಾಡೆಲ್ ಬರೆದಿದ್ದರೂ ಎರಡು ಸ್ಕ್ರೂ ಬಿಚ್ಚಿದರೆ ಆ ಮುಚ್ಚಳ ಬದಲಾಗುತ್ತದೆ, ಮರ ಬದಲಾಗುವುದಿಲ್ಲ. ರಫ್ತಾದ ಕೆಲವು ಗಿಟಾರುಗಳ ಮೇಲೆ ಎಸ್‌ಬಿಜಿ ಎಂದಿರುತ್ತದೆ. ಅದನ್ನು ಬೇರೆ ಗಿಟಾರ್ ಎಂದು ತಿಳಿಯಬೇಡಿ.

ಬೋಲ್ಟ್ ನೆಕ್ ಬಿಚ್ಚುವುದಾದರೆ ತಂತಿಗಳನ್ನು ಪೂರ್ತಿ ಸಡಿಲಿಸಿ, ಮೊದಲ ಫ್ರೆಟ್ ಬಳಿ ಕ್ಯಾಪೊ ಹಾಕಿ; ತಂತಿಗಳು ಚದುರುವುದಿಲ್ಲ. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಣ್ಣ ನೆಕ್ ಮತ್ತು ಬಾಡಿಯನ್ನು ಅಂಟಿಸಿ ಹಿಡಿದಿದ್ದರೆ ಎಳೆಯಬೇಡಿ. ಬ್ಲೇಡಿನಿಂದ ಕೂಡುಗೆರೆಯನ್ನು ಹಗುರವಾಗಿ ಗೀರಿ, ಇಲ್ಲವಾದರೆ ಬಾಡಿಯ ಬಣ್ಣ ಚಕ್ಕೆಯಾಗಿ ಏಳುತ್ತದೆ. ಮತ್ತೆ ಸ್ಕ್ರೂ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ, ಮರದಲ್ಲಿನ ಹಳೆಯ ಸ್ಕ್ರೂ ಸುತ್ತಿನೊಳಗೆ ಟಕ್ ಎಂದು ಇಳಿದ ಮೇಲೆ ಬಲಕ್ಕೆ ಬಿಗಿ ಮಾಡಿ.

ನೆಕ್ಕಿನ ಬುಡದಲ್ಲಿ ಮತ್ತು ಅದು ಕೂರುವ ಗುಂಡಿಯಲ್ಲಿ ಶಾಯಿ ಮುದ್ರೆ, ಪೆನ್ಸಿಲ್ ಅಂಕಿ ಹುಡುಕಿ. 53.4.12 ಎಂಬಂಥ ಬರಹ ಕಂಡರೆ ಅದು ಶೋವಾ ಶಕೆಯ ದಿನಾಂಕ ಇರಬಹುದು. ಶೋವಾ ವರ್ಷಕ್ಕೆ 1925 ಕೂಡಿಸಬೇಕು: 53 ಎಂದರೆ 1978. ಪಾಶ್ಚಾತ್ಯ ವರ್ಷ ಎಂದುಕೊಂಡು 1953 ಎಂದು ಓದಿದರೆ ಇಡೀ ಲೆಕ್ಕ ತಪ್ಪುತ್ತದೆ.

ನೆಕ್ ಪ್ಲೇಟ್ ಮೇಲೆ ಸ್ಟೀಲ್ ಅಡ್ಜಸ್ಟಬಲ್ ನೆಕ್, ಮೇಡ್ ಇನ್ ಜಪಾನ್ ಎಂದಷ್ಟೇ ಇದ್ದರೆ ಅದು ಕಂಪನಿಯ ಹೆಸರೂ ಅಲ್ಲ, ಮಾಡೆಲ್ಲೂ ಅಲ್ಲ. ನೆಕ್ಕಿನೊಳಗೆ ಸರಿಹೊಂದಿಸಬಹುದಾದ ಉಕ್ಕಿನ ಸರಳಿದೆ ಎಂಬ ಜಾಹೀರಾತು ಅಷ್ಟೆ.

ಮೂರನೇ ಹಂತ: ಸೀರಿಯಲ್ ನಂಬರ್

ಒಂದೇ ನಂಬರನ್ನು ಹತ್ತಿರದಿಂದ ನೋಡೋಣ: ಎಫ್812345.

ಗ್ರೆಕೊ ಮೇಲೆ ಇದ್ದರೆ ಇದು 1981ರ ಜೂನ್. ಎ ಜನವರಿ, ಬಿ ಫೆಬ್ರವರಿ, ಹೀಗೆ ಎಲ್ ಡಿಸೆಂಬರ್. ಮುಂದಿನ ಎರಡು ಅಂಕಿ ವರ್ಷ. ಉಳಿದ ನಾಲ್ಕು ಆ ತಿಂಗಳ ಕ್ರಮಸಂಖ್ಯೆ. ಫೆಂಡರ್ ಜಪಾನ್ ಮೇಲೆ ಇದ್ದರೆ ಎಫ್ ಸರಣಿ, ಅಂದರೆ 1986-87. ಮುಂದಿನ ಅಂಕಿಗಳಿಂದ ವರ್ಷ ತೆಗೆಯಲು ಬರುವುದಿಲ್ಲ. ಐಬನೆಜ್ ಮೇಲೆ ಇದ್ದರೆ ಎರಡು ಉತ್ತರ. 1975ರಲ್ಲಿ ಶುರುವಾದ ಹಳೆಯ ಪದ್ಧತಿಯಲ್ಲಿ 1981ರ ಜೂನ್. 1987ರ ಹೊಸ ಪದ್ಧತಿಯಲ್ಲಿ ಎಫ್ ಎಂದರೆ ಫುಜಿಗೆನ್, 8 ಎಂದರೆ 1988. ಇದನ್ನು ಬಿಡಿಸುವುದು ಗಿಟಾರೇ: 1987ರಲ್ಲಿ ಬಂದ ಆರ್‌ಜಿ550 ಆಗಿದ್ದರೆ 1981 ಅಸಾಧ್ಯ. ನಂಬರನ್ನು ಮಾತ್ರ ಕಳಿಸಿ ಇದು ಯಾವ ಮಾಡೆಲ್ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರದಿರುವುದು ಇದಕ್ಕೇ.

ಉಳಿದ ಮುಖ್ಯ ಪದ್ಧತಿಗಳು ಹೀಗಿವೆ:

- ಐಬನೆಜ್: 1975ಕ್ಕಿಂತ ಮುಂಚಿನವುಗಳಲ್ಲಿ ಸಾಮಾನ್ಯವಾಗಿ ನಂಬರ್ ಇಲ್ಲ. ಇಲ್ಲದಿರುವುದೇ ಒಂದು ಸುಳಿವು.
- ಫೆಂಡರ್ ಜಪಾನ್: ನಂಬರಿನ ಮೊದಲ ಅಕ್ಷರಗಳು ಜೆವಿ ಆದರೆ 1982-84, ಎಸ್‌ಕ್ಯೂ 1983-84, ಇ 1984-87. ಅಮೆರಿಕದ ಫೆಂಡರ್‌ಗಳಲ್ಲೂ 1980ರ ದಶಕದಲ್ಲಿ ಇ ಇದೆ, ಆದ್ದರಿಂದ ಮೇಡ್ ಇನ್ ಜಪಾನ್ ಬರಹ ಕಡ್ಡಾಯವಾಗಿ ನೋಡಿ. ಮೊದಮೊದಲ ರಫ್ತು ಜೆವಿಗಳಲ್ಲಿ ಫೆಂಡರ್ ಹೆಸರು ದೊಡ್ಡದಾಗಿಯೂ ಸ್ಕ್ವಾಯರ್ ಸೀರೀಸ್ (ಸ್ಕ್ವಾಯರ್ ಫೆಂಡರ್‌ನ ಇನ್ನೊಂದು ಬ್ರ್ಯಾಂಡ್) ಎಂಬುದು ಪುಟ್ಟದಾಗಿಯೂ ಇರುತ್ತದೆ.
- ಟೊಕಾಯ್: ಏಳು ಅಂಕಿಗಳಿದ್ದರೆ ಮೊದಲನೆಯದು ವರ್ಷದ ಕೊನೆಯ ಅಂಕಿ. 8 ಎಂದರೆ 1978ಓ 1988ಓ ಎಂಬುದನ್ನು ಹೆಡ್‌ಸ್ಟಾಕ್ ಬರಹ ಹೇಳಬೇಕು. ಸ್ಟ್ರಾಟ್ (ಫೆಂಡರ್‌ನ ಸ್ಟ್ರಾಟೊಕಾಸ್ಟರ್) ಆಕಾರದವುಗಳಲ್ಲಿ ಸ್ಪ್ರಿಂಗಿ ಸೌಂಡ್ ಮೊದಲು, ಗೋಲ್ಡ್‌ಸ್ಟಾರ್ ಸೌಂಡ್ ಆಮೇಲೆ. ಲೆಸ್ ಪಾಲ್ ಆಕಾರದಲ್ಲಿ ಲವ್ ರಾಕ್ ಎಂಬುದು ಮೊದಲ ವರ್ಷಗಳ ಬರಹವಲ್ಲ.
- ಮಾತ್ಸುಮೊಕು: ಮೊದಲ ಒಂದು ಅಥವಾ ಎರಡು ಅಂಕಿ ವರ್ಷ. 82 ಎಂದು ಶುರುವಾದರೆ 1982 ಎಂದೂ ಆಗುತ್ತದೆ, 1978 ಎಂದೂ ಆಗುತ್ತದೆ. ಕಾರ್ಖಾನೆ 1987ರಲ್ಲಿ ಮುಚ್ಚಿತು, ಅದರಾಚೆಗೆ ಲೆಕ್ಕ ಹಾಕುವಂತಿಲ್ಲ.
- ಯಮಾಹಾ: 1980ರ ದಶಕದ ನಡುವಿನಿಂದ ಎರಡು ಅಕ್ಷರಗಳ ಸಂಕೇತ. ಎಚ್‌ನಿಂದ ಪಿವರೆಗೆ 1ರಿಂದ 9. ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಎಕ್ಸ್, ವೈ, ಝೆಡ್. ಕೆಎಲ್ ಎಂದರೆ 4ನೇ ವರ್ಷದ ಮೇ. 1984 ಅಥವಾ 1994.

ನಾಲ್ಕನೇ ಹಂತ: ಮಾಡೆಲ್ ಹೆಸರಿನಲ್ಲಿರುವ ಬೆಲೆ

ಜಪಾನಿನ ಒಳಮಾರುಕಟ್ಟೆಯ ಗಿಟಾರುಗಳಲ್ಲಿ ಮಾಡೆಲ್ ಸಂಖ್ಯೆ ಬಹುಮಟ್ಟಿಗೆ ಅದರ ಬೆಲೆಯೇ. ಗ್ರೆಕೊ ಇಜಿ500 ಎಂದರೆ 50,000 ಯೆನ್. ಟೊಕಾಯ್ ಎಲ್‌ಎಸ್-60, ಬರ್ನಿ ಆರ್‌ಎಲ್‌ಜಿ-60 ಎಂದರೆ 60,000. ಫೆಂಡರ್ ಜಪಾನ್ ಎಸ್‌ಟಿ62-65 ಎಂದರೆ 1962ರ ಮಾದರಿಯ ಸ್ಟ್ರಾಟೊಕಾಸ್ಟರ್, 65,000 ಯೆನ್. ಇಜಿ500 ಮತ್ತು ಇಜಿ1000 ಎರಡಕ್ಕೂ ಆಕಾರ, ಬಣ್ಣ, ಹೆಡ್‌ಸ್ಟಾಕ್ ಬರಹ, ನಂಬರ್ ಪದ್ಧತಿ ಒಂದೇ. ವ್ಯತ್ಯಾಸ ಇರುವುದು ಮರ, ಪಿಕಪ್ ಮತ್ತು ಬಣ್ಣದ ಲೇಪದಲ್ಲಿ. ಇಂದು ಮಾರುವವರು ಹೆಚ್ಚಿನ ಸಂಖ್ಯೆಯನ್ನು ಹೇಳಲು ಕಾರಣವೂ ಅದೇ, ನೀವು ಎರಡನೇ ಹಂತದಲ್ಲಿ ಪಿಕಪ್ ಎತ್ತಿ ನೋಡಿದ್ದರ ಬೆಲೆ ತಿಳಿಯುವುದೂ ಇಲ್ಲೇ.

ಜೆವಿ ಕಾಲದ ಸ್ಟ್ರಾಟ್‌ಗಳಲ್ಲಿ 115 ಸಂಖ್ಯೆಯ ಮೇಲ್ದರ್ಜೆಯದಕ್ಕೆ ಲ್ಯಾಕರ್ ಲೇಪವೂ ಅಮೆರಿಕದಲ್ಲಿ ತಯಾರಾದ ಪಿಕಪ್ಪೂ ಇದ್ದವು. 65ರದ್ದಕ್ಕೆ ಪಾಲಿ (ಪ್ಲಾಸ್ಟಿಕ್‌ನಂಥ) ಲೇಪ, ಜಪಾನಿ ಪಿಕಪ್. ಲೇಪವನ್ನು ಅಸಿಟೋನ್ ಹಾಕಿ ಪರೀಕ್ಷಿಸುವ ಕೆಟ್ಟ ಪದ್ಧತಿ ಇದೆ, ಅದನ್ನು ಮಾಡಲೇಬೇಡಿ. ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿದರೆ ಹಳೆಯ ಲ್ಯಾಕರ್ ಹಳದಿ-ಹಸಿರಾಗಿ ಮಂದ ಹೊಳಪು ಕೊಡುತ್ತದೆ. ಇಡೀ ಗಿಟಾರ್ ಒಂದೇ ಬಗೆಯಲ್ಲಿ ಹೊಳೆಯದೆ ತೇಪೆ ತೇಪೆಯಾಗಿ ಕಂಡರೆ ರಿಪೇರಿ ಆಗಿದೆ.

ರಫ್ತು ಮಾಡೆಲ್‌ಗಳಿಗೆ ಬೆಲೆಯ ಸೂತ್ರ ಹೊಂದುವುದಿಲ್ಲ. ಐಬನೆಜ್ 2350 ಬೋಲ್ಟ್ ನೆಕ್ಕಿನ ಲೆಸ್ ಪಾಲ್ ಕಸ್ಟಮ್ ನಕಲು, 2387 ವಿ ಆಕಾರದ ರಾಕೆಟ್ ರೋಲ್, 2459 ಡೆಸ್ಟ್ರಾಯರ್, 2663 ಐಸ್‌ಮನ್. ಇವು ಕ್ಯಾಟಲಾಗ್ ಸಂಖ್ಯೆಗಳು, ಗಿಟಾರಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಯುನಿವಾಕ್ಸ್ ಹೈ-ಫ್ಲೈಯರ್‌ನಲ್ಲಂತೂ ಒಂದೇ ಹೆಸರು ಹಲವು ವರ್ಷ ನಡೆಯಿತು: ಮೊದಲಿನವುಗಳಲ್ಲಿ ಒಂದೇ ತಂತಿಸುರುಳಿಯ ಸಿಂಗಲ್ ಕಾಯಿಲ್ ಪಿಕಪ್, ಕೊನೆಯವುಗಳಲ್ಲಿ ಎರಡು ಸುರುಳಿಯ ಹಂಬಕರ್. ಹಾಗಾಗಿ ಹೆಸರಿನ ಜೊತೆ ಪಿಕಪ್ ಬಗೆಯನ್ನೂ ಬರೆಯದೆ ಗುರುತು ಪೂರ್ತಿಯಾಗುವುದಿಲ್ಲ.

ಐದನೇ ಹಂತ: ವಿದ್ಯುತ್ ಭಾಗಗಳು ಮೂಲದ್ದೇ?

ಪಿಕಪ್ ತಿರುವಿ ಅಡಿಯ ಶಾಯಿ ಮುದ್ರೆಯ ಫೋಟೊ ತೆಗೆಯಿರಿ. ಗ್ರೆಕೊ ಮತ್ತು ಐಬನೆಜ್‌ಗಳಿಗೆ ಮ್ಯಾಕ್ಸನ್ ಮಾಡಿದ ಪಿಕಪ್‌ಗಳ ಮೇಲೆ ಇಂಥ ಸಂಕೇತ ಇರುತ್ತದೆ. ಅದೇ ಮಾಡೆಲ್ಲಿನ, ನಂಬರ್ ಇರುವ ಇನ್ನೊಂದು ಗಿಟಾರಿನ ಮುದ್ರೆಯ ಜೊತೆ ಹೋಲಿಸಿ.

ಓಮ್ ಅಳೆಯಲು ಗಿಟಾರಿಗೆ ಕೇಬಲ್ ಹಾಕಿ, ಇನ್ನೊಂದು ತುದಿಯನ್ನು ಮೀಟರಿಗೆ ಹಿಡಿದು, ವಾಲ್ಯೂಮ್ ಮತ್ತು ಟೋನ್ ಪೂರ್ತಿ ತೆರೆದು, ಒಂದೇ ಪಿಕಪ್ ಆರಿಸಿ. 500 ಕಿಲೋ ಓಮ್ ಪಾಟ್ (ನಾಬ್ ಅಡಿಯ ವಾಲ್ಯೂಮ್ ನಿಯಂತ್ರಕ) ಜೊತೆಗಿರುವುದರಿಂದ 8 ಕಿಲೋ ಓಮ್ ಪಿಕಪ್ 7.87 ತೋರಿಸುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4 ಏರುತ್ತದೆ, ಜಪಾನಿನ ಚಳಿಗಾಲದಲ್ಲಿ ಮಾರಾಟಗಾರ ಅಳೆದ 7.5, ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ 8 ದಾಟಿದರೆ ಪಿಕಪ್ ಬದಲಾಗಿದೆ ಎಂದಲ್ಲ.

ಪಾಟ್‌ಗಳ ವಿಷಯದಲ್ಲಿ ಅಮೆರಿಕದ ದಿನಾಂಕ ಸಂಕೇತದ ಪಟ್ಟಿ ಹಿಡಿದು ಜಪಾನಿ ಪಾಟ್ ಓದಬೇಡಿ. ತಿರುವುವ ಕಡ್ಡಿ ಅಳೆಯಿರಿ: ಜಪಾನಿಯದು 6 ಮಿಮೀ, ಅಮೆರಿಕದ್ದು 6.35. ಬಾಡಿಯ ತೂತನ್ನು ರೀಮರ್‌ನಿಂದ ದೊಡ್ಡದು ಮಾಡಿದ ಗುರುತಿದ್ದರೆ ಅಮೆರಿಕದ ಪಾಟ್ ಹಾಕಲು ಯಾರೋ ಕೈಯಾಡಿಸಿದ್ದಾರೆ. ಆಗ ಪಿಕಪ್ಪನ್ನೂ ಅನುಮಾನಿಸಿ.

ಕ್ಯಾಟಲಾಗ್, ಮತ್ತು ಮಾರುವವರ ಮಾತು

ಇಷ್ಟು ಮಾಡಿ ಕ್ಯಾಟಲಾಗಿಗೆ ಹೋದರೆ ಹುಡುಕಾಟ ನಾಲ್ಕೈದು ಪುಟಕ್ಕೆ ಇಳಿಯುತ್ತದೆ. ಬ್ರ್ಯಾಂಡ್ ಹೆಸರನ್ನು ಜಪಾನಿನ ಕಟಕಾನಾ ಲಿಪಿಯಲ್ಲಿ ಹಾಕಿ ಹುಡುಕಿ. ಇಂಗ್ಲಿಷಿನಲ್ಲಿ ಸಿಗದ ಸ್ಕ್ಯಾನ್ ಮಾಡಿದ ಪುಟಗಳು ಅಲ್ಲಿವೆ. ನಿಮ್ಮ ಗಿಟಾರಿನ ವರ್ಷದ್ದಲ್ಲದೆ ಹಿಂದಿನ ಮುಂದಿನ ವರ್ಷದ್ದನ್ನೂ ನೋಡಿ, ಏಕೆಂದರೆ ಉಳಿದ ಬಿಡಿಭಾಗಗಳನ್ನು ಮುಂದಿನ ವರ್ಷ ಹಾಕಿ ಮುಗಿಸುವುದು ಕಾರ್ಖಾನೆಗಳ ರೂಢಿ. ಒಂದು ಟ್ಯೂನಿಂಗ್ ಕೀ ಪುಟಕ್ಕೆ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ನೆಕ್ ಜೋಡಣೆಯೇ ಹೊಂದದಿದ್ದರೆ ಪುಟವೇ ತಪ್ಪು.

ಲಾಸೂಟ್ (ದಾವೆ) ಗಿಟಾರ್ ಎಂಬ ವಿವರಣೆಗೆ ಬೆಲೆ ಕೊಡಬೇಡಿ. 1977ರಲ್ಲಿ ಗಿಬ್ಸನ್ನಿನ ಒಡೆತನ ಹೊಂದಿದ್ದ ನಾರ್ಲಿನ್ ಕಂಪನಿ ಹೆಡ್‌ಸ್ಟಾಕ್ ಆಕಾರದ ವಿಷಯವಾಗಿ ಐಬನೆಜ್‌ನ ಅಮೆರಿಕದ ಅಂಗವಾದ ಎಲ್ಗರ್ ಮೇಲೆ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿತು, ಅದು ರಾಜಿಯಲ್ಲಿ ಮುಗಿಯಿತು. ಆ ಹೊತ್ತಿಗಾಗಲೇ ಐಬನೆಜ್ ಹೆಡ್‌ಸ್ಟಾಕ್ ಬದಲಾಯಿಸಿತ್ತು. ಟೊಕಾಯ್, ಗ್ರೆಕೊ, ಯುನಿವಾಕ್ಸ್‌ಗಳಿಗೆಲ್ಲ ಆ ಪದ ಅಂಟಿಸುವುದು ಮಾರಾಟದ ಮಾತು. ಹಾಗೆಯೇ, 1970ರ ದಶಕದ ಎಪಿಫೋನ್ ಒಳಗಿನ ನೀಲಿ ಲೇಬಲ್ಲಿನಲ್ಲಿ ಕಲಮಜೂ, ಮಿಷಿಗನ್ ಎಂಬ ಊರು ಕಂಡು ಅಮೆರಿಕದ್ದು ಎಂದುಕೊಳ್ಳಬೇಡಿ. ಅದೇ ಲೇಬಲ್ಲಿನಲ್ಲಿ ಮೇಡ್ ಇನ್ ಜಪಾನ್ ಎಂದಿದೆಯೇ ನೋಡಿ. ನಮ್ಮಲ್ಲಿ ಹಳೆಯ ಅಂಗಡಿಗಳಲ್ಲಿ ಸಿಗುವ ಗಿವ್‌ಸನ್ ಕೋಲ್ಕತ್ತಾದ್ದು, ಜಪಾನಿಗೆ ಸಂಬಂಧವಿಲ್ಲ.

ಜಪಾನಿನಿಂದ ತರಿಸುವವರು ಹಣ ಕಳಿಸುವ ಮೊದಲು ಆರು ಫೋಟೊ ಕೇಳಿ: ಹೆಡ್‌ಸ್ಟಾಕಿನ ಮುಂದು ಮತ್ತು ಹಿಂದು, ನೆಕ್ ಬಾಡಿ ಕೂಡುವ ಜಾಗದ ಹಿಂಬದಿ, ಮುಚ್ಚಳ ತೆಗೆದ ಕಂಟ್ರೋಲ್ ಗುಂಡಿ, ಎತ್ತಿದ ನೆಕ್ ಪಿಕಪ್ಪಿನ ಅಡಿ, ಅದರ ಖಾಲಿ ಗುಂಡಿ. ಕೊನೆಯ ಎರಡನ್ನು ಕೊಡಲು ಒಪ್ಪದಿದ್ದರೆ ಆ ಶ್ರೇಣಿಯ ಕೆಳಗಿನ ದರ್ಜೆಯ ಬೆಲೆಯನ್ನಷ್ಟೇ ಹೇಳಿ.

ಗುರುತನ್ನು ಬರೆದಿಡುವಾಗ ಬ್ರ್ಯಾಂಡ್, ಕಾರ್ಖಾನೆ, ಮಾಡೆಲ್, ವರ್ಷ, ಪ್ರತಿಯೊಂದಕ್ಕೂ ಯಾವ ಸಾಕ್ಷ್ಯ ಎಂದು ಪಕ್ಕದಲ್ಲಿ ಬರೆಯಿರಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಾಕ್ಷ್ಯ ಒಪ್ಪಿದರೆ, ಉದಾಹರಣೆಗೆ ನೆಕ್ ಜೋಡಣೆ, ಪಿಕಪ್ ಮುದ್ರೆ, ಸೀರಿಯಲ್ ವರ್ಷ, ಮಾಡೆಲ್ ಖಚಿತ ಎನ್ನಬಹುದು. ಎರಡೇ ಒಪ್ಪಿದರೆ ‘ಗ್ರೆಕೊ ಇಜಿ500 ಅಥವಾ ಇಜಿ600, 1978’ ಎಂದು ಎರಡನ್ನೂ ಬರೆದು, ತೆಗೆದ ಫೋಟೊಗಳನ್ನು ಅದರ ಜೊತೆಗೇ ಇಡಿ.